ಮೂವತ್ತೊಂದಿತ್ತು, ಅರವತ್ತೆರಡು ಎಂದು ಬರೆದೆ

ನಾನು ಒಂದು ಎಳೆಗೂಸಿನ ರಿಪೋರ್ಟಿನಲ್ಲಿ ಸುಳ್ಳು ಬರೆದೆ. ಯಂತ್ರ ತೋರಿಸಿದ್ದು ಮೂವತ್ತೊಂದು, ನಾನು ಬರೆದದ್ದು ಅರವತ್ತೆರಡು. ಹೀಗೆ ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಗ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಮಧ್ಯಾಹ್ನ ಎರಡೂವರೆಯ ಹೊತ್ತು, ಬಾಗಿಲು ಮುಚ್ಚಿತ್ತು. ಬರೆದು ಸಹಿ ಹಾಕಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಆ ಅರ್ಧ ನಿಮಿಷವನ್ನು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು.

ನನ್ನ ಹೆಸರು ನಾಗರತ್ನ. ಊರು ತಿ. ನರಸೀಪುರ. ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ದಿನವೂ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ವಾಪಸಾಗುತ್ತಿದ್ದೆ. ಮದುವೆಯಾಗಲಿಲ್ಲ. ಅಮ್ಮ ಇರುವವರೆಗೂ ಮನೆಗೆ ಹೋದರೆ ಒಂದು ಮಾತು ಇತ್ತು, ಅವಳು ತೀರಿಕೊಂಡ ಮೇಲೆ ಅದೂ ಇಲ್ಲ. ಇದನ್ನೆಲ್ಲ ಕರುಣೆ ಬರಲಿ ಎಂದು ಹೇಳುತ್ತಿಲ್ಲ. ಮಾತು ಬಚ್ಚಿಡುವುದು ಒಂಟಿಯಾಗಿರುವವರಿಗೆ ಸುಲಭ — ಮನೆಯಲ್ಲಿ ಮುಖ ನೋಡಿ ಏನಾಯಿತೆಂದು ಕೇಳುವವರಿರುವುದಿಲ್ಲವಲ್ಲ, ಅದಕ್ಕೆ ಹೇಳಿದೆ.

ಆ ದಿನ ಮಾದೇವಿ ಕೂಸನ್ನು ಎತ್ತಿಕೊಂಡು ಬಂದಾಗ ಬೆಳಿಗ್ಗೆ ಹತ್ತು ಗಂಟೆಯಿರಬೇಕು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ಹುಡುಗಿ. ಸುತ್ತೂರಿನಿಂದ ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಳ್ಳಿ ಅವಳದು. ಗಂಡ ಶಿವಣ್ಣ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಶಿಫ್ಟಿನಿಂದ ಹಾಗೇ ಓಡಿ ಬಂದಿದ್ದ. ಕೂಸಿಗೆ ಐದು ತಿಂಗಳು, ಹೆಸರು ಚಂದನ. ಎರಡು ದಿನದಿಂದ ಫಿಟ್ಸ್ ಬರುತ್ತಿತ್ತು. ಕಣ್ಣುಗುಡ್ಡೆ ಒಂದು ಕಡೆಗೆ ಎಳೆದುಕೊಂಡು, ಕೈಕಾಲು ಸೆಟೆದು, ಆಮೇಲೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಡಾಕ್ಟರಿಗೆ ಮೆದುಳುಜ್ವರದ ಅನುಮಾನ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ಸೂಜಿ ಹಾಕಿ, ಬೆನ್ನುಮೂಳೆಯ ನಡುವಿನಿಂದ ನೀರು ತೆಗೆದರು. ಮೆದುಳಿನ ಸುತ್ತ ಇರುವ ನೀರೇ ಅದು. ಟ್ಯೂಬನ್ನು ನನ್ನ ಕೈಗಿಟ್ಟು, "ಬೇಗ ನೋಡಿ ನಾಗರತ್ನ, ತಡ ಮಾಡಬೇಡಿ" ಎಂದರು.

ತಡ ಮಾಡಬಾರದೇಕೆ ಎನ್ನುವುದು ನನಗೆ ಗೊತ್ತಿತ್ತು. ಆ ನೀರಿನಲ್ಲಿ ಸಕ್ಕರೆಯ ಅಂಶ ಎಷ್ಟಿದೆ ಎಂದು ನೋಡುತ್ತೇವೆ. ಮೆದುಳುಜ್ವರವಿದ್ದರೆ ನೀರು ಕದಡಿರುತ್ತದೆ, ಬಿಳಿಕಣಗಳು ತುಂಬಿರುತ್ತವೆ, ಸಕ್ಕರೆ ಇಳಿದಿರುತ್ತದೆ. ಹಾಗೆಯೇ ಟ್ಯೂಬನ್ನು ಹೊರಗೆ ಹೆಚ್ಚು ಹೊತ್ತು ಇಟ್ಟರೂ ಸಕ್ಕರೆ ಇಳಿಯಬಹುದು ಎಂದು ನಮಗೆ ಕಲಿಸಿದ್ದರು. ಅದಕ್ಕೇ ಬಂದ ಕೂಡಲೇ ನೋಡಬೇಕು. ಹಿಂದಿನ ತಿಂಗಳಷ್ಟೇ ಇಂಥದೇ ಒಂದು ತಡಕ್ಕೆ ಡಾಕ್ಟರು ಎಲ್ಲರೆದುರಿಗೆ ನನ್ನನ್ನು ಬೈದಿದ್ದರು.

ಆದರೂ ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಹೊರಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಸೋಮಶೇಖರ ಕಾಯುತ್ತಿದ್ದ. ನರಸೀಪುರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ಮಾತು ಬೆಳೆದಿತ್ತು, ಅವನ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದ. ಹತ್ತು ನಿಮಿಷದಲ್ಲಿ ಬಂದುಬಿಡೋಣ ಎಂದುಕೊಂಡೆ. ಅವನು ಕಾಫಿ ತರಿಸಿದ. ಕಪ್ಪಿನ ಹಿಡಿಯನ್ನು ತಿರುಗಿಸುತ್ತ, "ಮನೇಲಿ ಒಪ್ತಿಲ್ಲ ರತ್ನ. ಬೇರೆ ಕಡೆ ನೋಡ್ಬಿಟ್ಟವ್ರೆ" ಎಂದ. ಆಮೇಲೆ ನಾನು ಏನು ಕೇಳಿದೆ, ಅವನು ಏನು ಹೇಳಿದ — ಯಾವುದೂ ನೆನಪಿಲ್ಲ. ಅವನು ಬಸ್ಸು ಹತ್ತಿದ ಮೇಲೂ ನಾನು ಅಲ್ಲೇ ಕೂತಿದ್ದೆ. ಲ್ಯಾಬಿಗೆ ವಾಪಸಾದಾಗ ಎರಡು ಗಂಟೆ ದಾಟಿತ್ತು. ಮೂರು ಗಂಟೆಗಿಂತ ಹೆಚ್ಚು ಹೊತ್ತು ಆ ಮಗುವಿನ ನೀರು ಸ್ಟ್ಯಾಂಡಿನಲ್ಲಿತ್ತು.

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬಿಳಿಕಣಗಳಿಲ್ಲ. ನೀರು ಕನ್ನಡಿಯಷ್ಟು ತಿಳಿ. ಸಕ್ಕರೆ ನೋಡಿದೆ — ಮೂವತ್ತೊಂದು. ನೀರಿನ ಜೊತೆಗೇ ತೆಗೆದು, ಸಕ್ಕರೆ ಇಳಿಯದ ಹಾಗೆ ಮದ್ದು ಹಾಕಿದ ಟ್ಯೂಬಿನಲ್ಲಿಟ್ಟಿದ್ದ ರಕ್ತದಲ್ಲಿ ಮಾತ್ರ ಸಕ್ಕರೆ ಸರಿಯಾಗಿತ್ತು. ಸೋಂಕಿಲ್ಲದೆ ಸಕ್ಕರೆ ಇಷ್ಟು ಇಳಿಯುವುದು ಹೇಗೆ? ತಡ ಮಾಡಿದ್ದರಿಂದ, ಇನ್ನೇನು, ಎಂದು ನಾನೇ ತೀರ್ಮಾನಿಸಿದೆ. ಮೂವತ್ತೊಂದು ಎಂದು ಬರೆದುಕೊಟ್ಟರೆ ಡಾಕ್ಟರು ಮೊದಲು ಕೇಳುವುದೇ, ಎಷ್ಟು ಗಂಟೆಗೆ ನೋಡಿದಿರಿ ಎಂದು. ಎಲ್ಲಿಗೆ ಹೋಗಿದ್ದಿರಿ ಎಂದೂ ಕೇಳುತ್ತಾರೆ. ಆ ದಿನ, ಆ ಪ್ರಶ್ನೆಗೆ, ಆ ಕಾರಿಡಾರಿನಲ್ಲಿ ನಿಂತು ನಾನು ಏನೆಂದು… ತಡವಾದ್ದರಿಂದ ಅರ್ಧ ಹೋಗಿರಬೇಕು ಎಂದುಕೊಂಡು ಎರಡರಷ್ಟು ಮಾಡಿದೆ. ಅರವತ್ತೆರಡು. ನೋಡಲು ಚೆನ್ನಾಗಿತ್ತು. ಸಹಿ ಹಾಕಿದೆ.

ಡಾಕ್ಟರು ರಿಪೋರ್ಟ್ ನೋಡಿ ನಿರಾಳವಾಗಿ ಉಸಿರು ಬಿಟ್ಟರು. ಮೆದುಳುಜ್ವರವಲ್ಲ, ಬರೀ ಫಿಟ್ಸ್, ಔಷಧಿ ಕೊಟ್ಟರೆ ಹತೋಟಿಗೆ ಬರುತ್ತದೆ ಎಂದರು. ಅವರನ್ನು ದೂರುವಂತಿಲ್ಲ. ಅವರೆದುರಿಗಿದ್ದ ಕಾಗದದ ಪ್ರಕಾರ ಅವರು ಮಾಡಿದ್ದು ಸರಿಯೇ. ನಾನು ಹೊರಗೆ ಬಂದಾಗ ಮಾದೇವಿ ಗೋಡೆಗೆ ಒರಗಿ ನಿಂತಿದ್ದಳು.

"ಅಕ್ಕ, ಏನ್ ಬಂತಕ್ಕ ನೀರ್ನಲ್ಲಿ? ನಮ್ಮ ಕೂಸು ಉಳ್ಕತದಾ?"

"ಏನೂ ಇಲ್ಲ. ಎಲ್ಲ ಚೆನ್ನಾಗಿದೆ, ಹೆದರಬೇಡ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. ನನಗೂ ಅಳು ಬಂತು. ಅವಳು ತನ್ನ ಮಗುವಿಗಾಗಿ ಅಳುತ್ತಿದ್ದಳು, ನಾನು ಸೋಮಶೇಖರನಿಗಾಗಿ. ಹಾಗೆ ಒಟ್ಟಿಗೆ ನಿಂತು ಅತ್ತಿದ್ದಕ್ಕೋ ಏನೋ, ಅಂದಿನಿಂದ ನಾನು ಅವಳಿಗೆ ರತ್ನಕ್ಕನಾದೆ.

ಆಮೇಲೆ ಅವರು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ಫಿಟ್ಸಿನ ಔಷಧಿ ತೆಗೆದುಕೊಳ್ಳುವ ಮಕ್ಕಳ ರಕ್ತ ಆಗಾಗ ಪರೀಕ್ಷೆ ಮಾಡಬೇಕಾಗುತ್ತದೆ. ಶಿವಣ್ಣ ಆ ಮೊದಲ ರಿಪೋರ್ಟಿಗೆ ಪ್ಲಾಸ್ಟಿಕ್ ಹಾಕಿಸಿಟ್ಟುಕೊಂಡಿದ್ದ. ಎಲ್ಲಿಗೆ ಹೋದರೂ ಅದು ಫೈಲಿನಲ್ಲಿ ಮೊದಲನೆಯದು. ಔಷಧಿಯಿಂದ ಫಿಟ್ಸ್ ನಿಲ್ಲಲಿಲ್ಲ. ಒಂದು ಬಿಟ್ಟು ಇನ್ನೊಂದು ಕೊಟ್ಟರು, ಎರಡು ಸೇರಿಸಿ ಕೊಟ್ಟರು. ಒಂದೂವರೆ ವರ್ಷವಾದರೂ ಚಂದನ ನಡೆಯಲಿಲ್ಲ, ಎರಡು ವರ್ಷವಾದರೂ ಮಾತಿಲ್ಲ. ಓರಗೆಯ ಮಕ್ಕಳ ತಲೆಯ ಪಕ್ಕದಲ್ಲಿ ಅವಳ ತಲೆ ಸಣ್ಣದಾಗಿ ಕಾಣತೊಡಗಿತು.

ಮಾದೇವಿ ಮಾತ್ರ ಒಂದು ವಿಷಯವನ್ನು ಬಿಡದೆ ಹೇಳುತ್ತಿದ್ದಳು. "ಬೆಳಿಗ್ಗೆ ಎದ್ದಾಗ ಕೂಸು ಸಪ್ಪಗಿರ್ತದೆ ಕಣಕ್ಕ. ಕಣ್ಣು ಎಳ್ಕತದೆ. ಒಟ್ಟೆಗೆ ಏನಾರ ಬಿದ್ರೆ ಸರಿ ಓಯ್ತದೆ. ಇದ ಯಾರ್ಗ್ ಯೋಳುದ್ರೂ ಕೇಳಕಿಲ್ಲ." ಕೇಳದವರಲ್ಲಿ ನಾನೂ ಒಬ್ಬಳು. ಒಮ್ಮೆ ಕೆಲವು ಪರೀಕ್ಷೆಗೆಂದು ಮಗುವನ್ನು ಖಾಲಿ ಹೊಟ್ಟೆಯಲ್ಲಿ ತರಬೇಕು ಎಂದು ನಾನೇ ಹೇಳಿ ಕಳಿಸಿದ್ದೆ. ಬಸ್ಸು ತಡವಾಗಿ, ಅವರು ಬರುವಷ್ಟರಲ್ಲಿ ಹತ್ತೂವರೆ. ಲ್ಯಾಬಿನ ಬೆಂಚಿನ ಮೇಲೇ ಮಗುವಿಗೆ ಫಿಟ್ಸ್ ಬಂತು. ರಕ್ತ ತೆಗೆದಾಯಿತು. ಮಾದೇವಿ ಸೆರಗಿನಲ್ಲಿ ಕಟ್ಟಿ ತಂದಿದ್ದ ಬಾಳೆಹಣ್ಣನ್ನು ಚೂರು ಚೂರೇ ಕಿವುಚಿ ತಿನ್ನಿಸಿದಳು. ಮುಕ್ಕಾಲು ಗಂಟೆಯಲ್ಲಿ ಚಂದನ ಕಣ್ಣರಳಿಸಿ, ನನ್ನ ಕೋಟಿನ ಗುಂಡಿ ಎಳೆಯುತ್ತ ನಗುತ್ತಿದ್ದಳು. ಯಂತ್ರದಲ್ಲಿ ನೋಡಿದರೆ ಹಣ್ಣು ತಿನ್ನುವ ಮುಂಚೆ ತೆಗೆದ ರಕ್ತದಲ್ಲೂ ಸಕ್ಕರೆ ಸರಿಯಾಗಿಯೇ ಇತ್ತು. ರಕ್ತದಲ್ಲಿ ಸಕ್ಕರೆ ಇದೆ, ಆದರೂ ಈ ಮಗು ಹಸಿದು ಬಿದ್ದವರ ಹಾಗೆ ಒದ್ದಾಡಿತಲ್ಲ ಎಂದುಕೊಂಡೆ. ಹಿಂದೆಯೇ ಮೂವತ್ತೊಂದು ಎನ್ನುವ ಸಂಖ್ಯೆ ಮನಸ್ಸಿಗೆ ಬಂತು. ಬಂದದ್ದನ್ನು ತಳ್ಳಿದೆ. ಒಳಗೆ ಬೇರೆ ಸ್ಯಾಂಪಲ್ಲುಗಳಿದ್ದವು, ಅವುಗಳ ಹಿಂದೆ ಅವಿತುಕೊಂಡೆ.

ಎರಡೂವರೆ ವರ್ಷವಾದರೂ ಮಾದೇವಿ ಮಗುವಿಗೆ ಹಾಲು ಬಿಡಿಸಿರಲಿಲ್ಲ. ಮೊಲೆಹಾಲು ಕುಡಿದ ದಿನ ಮಗು ಕೊಂಚ ಗೆಲುವಾಗಿರುತ್ತದೆ ಎನ್ನುತ್ತಿದ್ದಳು. ಅತ್ತೆಯಿಂದ ದಿನವೂ ಬೈಗುಳ — ಇಷ್ಟು ದೊಡ್ಡ ಮಗುವಿಗೆ ಹಾಲೇನು, ಗಟ್ಟಿ ಹಿಟ್ಟು ತಿನ್ನಿಸಿದರೆ ತಾನೇ ಕೈಕಾಲಿಗೆ ಬಲ ಬರುವುದು ಎಂದು. ಮಾದೇವಿ ನನ್ನನ್ನು ಕೇಳಿದಳು. "ಬಿಡಿಸು ಮಾದೇವಿ. ಇನ್ನು ಆ ಹಾಲಲ್ಲಿ ಏನಿರುತ್ತದೆ? ರಾಗಿ ಸರಿ, ಅನ್ನ ಕೊಡು" ಎಂದೆ. ತಿಳಿದವಳ ಹಾಗೆ ಹೇಳಿದೆ. ಅವಳು ನನ್ನ ಮಾತು ಕೇಳಿದಳು. ಆ ತಿಂಗಳಿನಿಂದ ಫಿಟ್ಸ್ ಇನ್ನೂ ಹೆಚ್ಚಿತು.

ಚಂದನಳಿಗೆ ನಾಲ್ಕು ವರ್ಷವಾಗಿದ್ದಾಗ ಮೈಸೂರಿನಲ್ಲಿ ನಮ್ಮಂಥ ಟೆಕ್ನಿಷಿಯನ್ನುಗಳಿಗೆ ಒಂದು ದಿನದ ತರಬೇತಿ ಇತ್ತು. ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳ ನರರೋಗದ ವೈದ್ಯೆಯೊಬ್ಬರು ಮಾತಾಡಿದರು. ಅರ್ಧ ಜನ ತೂಕಡಿಸುತ್ತಿದ್ದರು. ರಕ್ತನಾಳಕ್ಕೂ ಮೆದುಳಿಗೂ ನಡುವೆ ಬಿಗಿಯಾದ ಗೋಡೆಯಿದೆ, ರಕ್ತದಲ್ಲಿರುವುದೆಲ್ಲ ಹಾಗೇ ಒಳಗೆ ಹೋಗುವುದಿಲ್ಲ, ಒಂದೊಂದು ಆಹಾರಕ್ಕೂ ಒಂದೊಂದು ಬಾಗಿಲು ಎಂದರು. ಸಕ್ಕರೆಗೆ ಒಂದು ಬಾಗಿಲು. ಕೊಬ್ಬನ್ನು ಒಡೆದು ದೇಹ ತಯಾರಿಸಿಕೊಳ್ಳುವ ಕೀಟೋನಿಗೆ ಇನ್ನೊಂದು. ಈ ಬಾಗಿಲುಗಳು ಹುಟ್ಟಿದಾಗಿನಿಂದ ಒಂದೇ ಸಮನಾಗಿ ಇರುವುದಿಲ್ಲವಂತೆ. ಹಾಲು ಕುಡಿಯುವ ಕೂಸಿನಲ್ಲಿ ಸಕ್ಕರೆಯ ಬಾಗಿಲುಗಳು ಇನ್ನೂ ಕಡಿಮೆ, ಹಾಲಿನ ಕೊಬ್ಬಿನಿಂದ ಬರುವ ಕೀಟೋನಿನ ಬಾಗಿಲುಗಳು ಹೆಚ್ಚು. ಮಗು ಹಾಲು ಬಿಟ್ಟು ಅನ್ನ ಹಿಟ್ಟಿಗೆ ಬರುತ್ತಿದ್ದಂತೆ ಅವು ಕಡಿಮೆಯಾಗಿ ಸಕ್ಕರೆಯ ಬಾಗಿಲುಗಳು ಹೆಚ್ಚುತ್ತ ಹೋಗುತ್ತವೆ. ಮೊದಲ ಕೆಲವು ವರ್ಷ ಮೆದುಳು ತನ್ನನ್ನು ತಾನೇ ಕಟ್ಟಿಕೊಳ್ಳುವ ಕಾಲ, ಆಗ ಅದರ ಹಸಿವು ಎಲ್ಲಿಲ್ಲದ ಹಸಿವು.

"ಕೆಲವೇ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಸಕ್ಕರೆಯ ಬಾಗಿಲುಗಳು ಅರ್ಧದಷ್ಟೇ ಇರುತ್ತವೆ. ರಕ್ತದಲ್ಲಿ ಸಕ್ಕರೆ ಸರಿಯಾಗಿರುತ್ತದೆ, ಮೆದುಳು ಮಾತ್ರ ಉಪವಾಸ. ಖಾಲಿ ಹೊಟ್ಟೆಯಲ್ಲಿ ಫಿಟ್ಸ್ ಜಾಸ್ತಿ. ಇದನ್ನು ಹಿಡಿಯೋದಕ್ಕೆ ಇರೋ ಒಂದು ಮುಖ್ಯ ಸುಳಿವು ನಿಮ್ಮ ಕೈಯಲ್ಲಿದೆ" ಎಂದು ಆಕೆ ನಮ್ಮ ಕಡೆ ನೋಡಿದರು. "ಬೆನ್ನಿನ ನೀರಿನಲ್ಲಿ ಸೋಂಕಿಲ್ಲ, ಕಣಗಳಿಲ್ಲ, ಆದರೂ ಸಕ್ಕರೆ ಕಡಿಮೆ. ಅಂಥದ್ದು ಕಂಡರೆ ಸ್ಯಾಂಪಲ್ ಕೆಟ್ಟಿರಬೇಕು ಅಂತ ದಯವಿಟ್ಟು ತಳ್ಳಿಹಾಕಬೇಡಿ. ಕಣಗಳೇ ಇಲ್ಲದ ನೀರಲ್ಲಿ ಸಕ್ಕರೆ ತಿನ್ನೋರು ಯಾರು? ಒಂದೆರಡು ಗಂಟೆ ತಡವಾದರೂ ಅಷ್ಟೊಂದು ಇಳಿಯೋದಿಲ್ಲ." ಬೇಗ ಗೊತ್ತಾದರೆ ತುಪ್ಪ, ಬೆಣ್ಣೆ, ಎಣ್ಣೆಯೇ ಹೆಚ್ಚಾಗಿರುವ ಊಟ ಕೊಟ್ಟು ಇನ್ನೊಂದು ಬಾಗಿಲಿನಿಂದ ಮೆದುಳಿಗೆ ಆಹಾರ ಮುಟ್ಟಿಸಬಹುದು, ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು ಎಂದರು. ಫಿಟ್ಸಿಗೆಂದು ಸಾಮಾನ್ಯವಾಗಿ ಕೊಡುವ ಒಂದೆರಡು ಔಷಧಿಗಳು ಇಂಥ ಮಕ್ಕಳಿಗೆ ಆಗಿಬರುವುದಿಲ್ಲ ಎಂದೂ ಹೇಳಿದರು. ಅದರಲ್ಲೊಂದು ಚಂದನಳ ಚೀಟಿಯಲ್ಲಿತ್ತು.

ನಾನು ಎದ್ದು ಕೈಯೆತ್ತಬಹುದಿತ್ತು. ಮೇಡಂ, ನನ್ನ ಹತ್ತಿರ ಅಂಥ ಒಂದು ಮಗು ಇದೆ ಎನ್ನಬಹುದಿತ್ತು. ಕೊನೆಗೆ ಎಲ್ಲರೂ ಹೋದ ಮೇಲಾದರೂ… ಹೇಳಲಿಲ್ಲ. ಕೊಟ್ಟ ಸರ್ಟಿಫಿಕೇಟನ್ನು ಸುರುಳಿ ಸುತ್ತಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಒಬ್ಬಳು ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದಳು. ನರಸೀಪುರ ಬರುವವರೆಗೂ ಆ ಕಡೆ ತಿರುಗಲಾಗಲಿಲ್ಲ.

ಮುಂದಿನ ಸಲ ಮಾದೇವಿ ಬಂದಾಗ ಅರ್ಧ ಹೇಳಿದೆ. ಅರ್ಧ ಎಂದರೆ ನನಗೆ ತೊಂದರೆಯಾಗದ ಅರ್ಧ. "ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಇನ್ನೊಂದು ಸಲ ಬೆನ್ನಿನ ನೀರು ತೆಗೆದು ನೋಡಿ ಅಂತ ಕೇಳು" ಎಂದೆ.

ಅವಳು ಮುಖ ಸಪ್ಪಗೆ ಮಾಡಿಕೊಂಡಳು. "ನೀವೇ ನೋಡಿ ಬರ್ಕೊಟ್ಟಿದ್ದೀರಲ್ಲಕ್ಕ, ಚೆನ್ನಾಗದೆ ಅಂತ. ಮತ್ಯಾಕೆ ಕೂಸಿನ ಬೆನ್ಗೆ ಸೂಜಿ ಚುಚ್ಚುಸ್ಲಿ?"

ಆಗಲೂ ಮೂವತ್ತೊಂದರ ಮಾತೆತ್ತದೆ, ಹೋಗಲೇಬೇಕು ಎಂದಷ್ಟೇ ಹೇಳಿದೆ. ನನ್ನ ಒತ್ತಾಯಕ್ಕೆ ಅವಳು ಹೋದಳು. ಅಲ್ಲಿ ಅವಳು ಕೇಳಿಯೂ ಕೇಳಿದಳಂತೆ. ಅಲ್ಲಿನವರು ಫೈಲು ತಿರುವಿದರು, ಪ್ಲಾಸ್ಟಿಕ್ ಹಾಕಿದ ರಿಪೋರ್ಟು ಮೊದಲಿಗೇ ಸಿಕ್ಕಿತು. ಆ ಪರೀಕ್ಷೆ ಆಗಿದೆಯಲ್ಲ, ಅರವತ್ತೆರಡು ಇದೆ, ಮತ್ತೆ ಬೇಡ ಎಂದರು. ಅವರೂ ಕಾಗದವನ್ನು ನಂಬಿದರು. ನನ್ನ ಸಹಿಯನ್ನು ನಂಬಿದರು. ಹೀಗೆ ಇನ್ನೂ ನಾಲ್ಕು ವರ್ಷ ಹೋಯಿತು — ಎರಡು ಊರು, ಮೂರು ಆಸ್ಪತ್ರೆ. ಎಲ್ಲ ಕಡೆಯೂ ಆ ರಿಪೋರ್ಟಿನ ರೂಪದಲ್ಲಿ ನಾನು ಅವರಿಗಿಂತ ಮುಂಚೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದೆ.

ಚಂದನಳಿಗೆ ಎಂಟು ವರ್ಷವಾಗಿದ್ದಾಗ ಒಬ್ಬ ಯುವ ವೈದ್ಯರು, ಹಳೆಯ ರಿಪೋರ್ಟು ಏನಾದರೂ ಇರಲಿ, ನಾನೇ ಒಮ್ಮೆ ನೋಡುತ್ತೇನೆ ಎಂದು ಹಟ ಹಿಡಿದು ಪರೀಕ್ಷೆ ಮಾಡಿಸಿದರು. ಸಕ್ಕರೆ ಕಡಿಮೆಯಿತ್ತು. ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿ ಸಕ್ಕರೆಯ ಬಾಗಿಲಿನದೇ ಕಾಯಿಲೆ ಎಂದು ಖಚಿತಪಡಿಸಿಕೊಂಡರು. ಊಟ ಬದಲಾಯಿಸಿದರು. ಎರಡು ತಿಂಗಳಲ್ಲಿ ಫಿಟ್ಸ್ ನಿಂತೇಹೋಯಿತು. ಮಾದೇವಿ ಓಡೋಡಿ ಬಂದದ್ದು ನನ್ನ ಹತ್ತಿರಕ್ಕೆ. "ನೀವ್ ಒಬ್ರೇ ಕಣಕ್ಕ, ಮತ್ತೆ ನೀರ್ ತೆಗಸು ಅಂದವ್ರು. ನಾನೇ ದಡ್ಡಿ, ಆಗ್ಲೇ ಜಗಳ ಆಡಿ ಮಾಡ್ಸ್ಬೇಕಾಗಿತ್ತು" ಎಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದೆಗೆದೆ. ಆಮೇಲೆ ಅವಳೇ, "ಅಲ್ಲಕ್ಕ, ಆಗ ಅರವತ್ತೆರಡಿತ್ತಲ್ಲ, ಈಗ ಯಂಗ್ ಕಮ್ಮಿ ಆಯ್ತು?" ಎಂದು ಕೇಳಿದಳು. ಅನುಮಾನದಿಂದ ಕೇಳಿದ್ದಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳುವ ಹಾಗೆ ಕೇಳಿದಳು.

"ಆಗಿನ ಯಂತ್ರ ಹಳೆಯದಿತ್ತು" ಎಂದೆ.

ಮೊದಲ ಸುಳ್ಳನ್ನು ಹೆದರಿಕೆಯಲ್ಲಿ ಬರೆದೆ ಎನ್ನಬಹುದೇನೋ. ಇದಕ್ಕೆ ಏನೆನ್ನಲಿ? ಅವಳ ಕೃತಜ್ಞತೆಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆ ವೇಳೆಗೆ ಅಮ್ಮ ಹೋಗಿ ವರ್ಷವಾಗಿತ್ತು. ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದವಳು, ಗೌರಿಹಬ್ಬಕ್ಕೆ ಬಾಗಿನ ತಂದುಕೊಡುತ್ತಿದ್ದವಳು, ಜ್ವರ ಬಂದರೆ ಫೋನು ಮಾಡಿ ಊಟವಾಯಿತೇ ಎಂದು ಕೇಳುತ್ತಿದ್ದವಳು ಇಡೀ ಲೋಕದಲ್ಲಿ ಅವಳೊಬ್ಬಳೇ. ಆ ಒಂದು ದನಿಗಾಗಿ ನಾನು ಆಮೇಲೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವಳು ಬಂದುಹೋದ ಮೇಲೆ ಮಾತ್ರ ಕೋಣೆಯಲ್ಲಿ ಕೂತಲ್ಲೇ ಕೂತಿರುತ್ತಿದ್ದೆ, ಟಿ.ವಿ. ಹಾಕಿದ್ದರೂ ಏನು ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಅಕ್ಕ ಎನ್ನುವ ಆ ಮಾತು ನನ್ನದಲ್ಲ, ಇನ್ನಾರದೋ ಮನೆಗೆ ಹೋಗಬೇಕಾದ್ದು ವಿಳಾಸ ತಪ್ಪಿ ನನಗೆ ಬಂದಿದೆ ಎನ್ನಿಸುತ್ತಿತ್ತು.

ಚಂದನ ಈಗ ನಡೆಯುತ್ತಾಳೆ, ಕಾಲು ಅಗಲಿಸಿ, ತೂರಾಡುತ್ತ. ಮಾತಾಡುತ್ತಾಳೆ, ಎರಡು ಮೂರು ಪದ ಸೇರಿಸಿ. ಹನ್ನೆರಡು ವರ್ಷ, ಕೂರುವುದು ಎರಡನೇ ತರಗತಿಯ ಮಕ್ಕಳ ಜೊತೆ. ಪ್ರತಿ ಹೊತ್ತಿನ ಊಟವನ್ನೂ ಮಾದೇವಿ ಪುಟ್ಟ ತೂಕದ ಯಂತ್ರದಲ್ಲಿಟ್ಟು ಕೊಡುತ್ತಾಳೆ: ಇಷ್ಟು ಬೆಣ್ಣೆ, ಇಷ್ಟು ಕೊಬ್ಬರಿ ಎಣ್ಣೆ, ಒಂದು ಮೊಟ್ಟೆ, ಎರಡು ತುತ್ತಿನಷ್ಟು ಸೊಪ್ಪು. ಅನ್ನವಿಲ್ಲ. ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಸಿಹಿ ಹಂಚಿದರೆ ಅಂಗೈ ಮುಚ್ಚಿ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳಂತೆ, ಅಮ್ಮ ಕಲಿಸಿದ ಹಾಗೆ. ಐದು ತಿಂಗಳಿಗೇ ಗೊತ್ತಾಗಿದ್ದರೆ ಎಷ್ಟು ಮಾತಾಡುತ್ತಿದ್ದಳು, ಓಡುತ್ತಿದ್ದಳೇ — ಯಾರೂ ಖಂಡಿತವಾಗಿ ಹೇಳಲಾರರು. ಹೇಳಲಾರರು ಎನ್ನುವುದರಲ್ಲಿ ನಾನು ಬಹಳ ಕಾಲ ಸಮಾಧಾನ ಹುಡುಕಿದೆ. ಸಿಗಲಿಲ್ಲ.

ಈ ವರ್ಷ ಅಂಗವಿಕಲರ ಪ್ರಮಾಣಪತ್ರಕ್ಕೆಂದು ನರಸೀಪುರಕ್ಕೆ ಬಂದಿದ್ದ ಮಾದೇವಿ ನನ್ನ ಮನೆಗೂ ಬಂದಳು. ಮುಖ ಬತ್ತಿತ್ತು. ಮೈದುನನಿಗೆ ಮಗುವಾಗಿದೆ, ಅದನ್ನು ಅವಳ ಕೈಗೆ ಕೊಡುವುದಿಲ್ಲವಂತೆ.

"ಯಾಕೆ?" ಎಂದೆ.

"ನನ್ನ ಹಾಲೇ ಕೆಟ್ಟುದ್ದಂತೆ ಕಣಕ್ಕ. ನಮ್ಮತ್ತೆ ಊರ್ಗೆಲ್ಲ ಯೋಳ್ಕಂಡ್ ಬತ್ತವ್ರೆ. ಐದ್ ತಿಂಗ್ಳಲ್ಲಿ ಕೂಸು ಚೆನ್ನಾಗಿತ್ತು, ರಿಪೋಟ್ನಲ್ಲೇ ಅದೆ, ಆಮ್ಯಾಕೆ ಎರಡೂವರೆ ವರ್ಸ ಹಾಲು ಕುಡ್ಸಿ ಕುಡ್ಸಿ ಇವ್ಳೇ ಕೆಡ್ಸುದ್ಳು ಅಂತ. ಮೊದ್ಲು ನಮ್ಮನೆಯವ್ರು ಸುಮ್ನಿದ್ರು. ಈಗ ಇವ್ರೂ ಆ ರಿಪೋಟ್ ಇಡ್ಕಂಡು, ಆಗ ಚೆನ್ನಾಗಿತ್ತಲ್ಲ ಮಾದೇವಿ, ಅಂತಾರೆ."

ಅವಳು ಅಳಲಿಲ್ಲ. ಅತ್ತು ಮುಗಿದ ದನಿ ಅದು. ಅವಳ ಹಾಲು ಆ ಮಗುವಿನ ಹಸಿದ ಮೆದುಳಿಗೆ ಸ್ವಲ್ಪವಾದರೂ ಆಹಾರ ಮುಟ್ಟಿಸಿದ್ದಿರಬಹುದು. ಅದನ್ನು ಬಿಡಿಸಿದವಳು ನಾನು. ಚೆನ್ನಾಗಿತ್ತು ಎಂದು ಬರೆದವಳೂ ನಾನು. ಆ ದಿನ ಅವಳಿಗೆ ಬಸ್ಸಿಗೆ ಹೊತ್ತಾಯಿತು, ಕಳಿಸಿಕೊಟ್ಟೆ. ಇನ್ನು ಒಂದು ವಾರ ಸುಮ್ಮನಿದ್ದರೆ ಸಾಯುವವರೆಗೂ ಸುಮ್ಮನಿರುತ್ತೇನೆ ಎಂದು ಗೊತ್ತಾಯಿತು.

ಮೊದಲು ನಮ್ಮ ನರ್ಸಿಂಗ್ ಹೋಮಿನ ಡಾಕ್ಟರಿಗೆ ಹೇಳಿದೆ. "ಈಗ ಹೇಳಿ ಏನು ಪ್ರಯೋಜನ? ಮಗುವಿಗೆ ಚಿಕಿತ್ಸೆ ಶುರುವಾಗಿದೆಯಲ್ಲ" ಎಂದರು. ಆಮೇಲೆ, "ಬೇರೆ ಯಾವುದಾದರೂ ರಿಪೋರ್ಟು…?" ಎಂದು ಕೇಳಿದರು. ಬೇರೆ ಯಾವುದೂ ಇಲ್ಲ ಎಂದೆ. ಅದು ನಿಜ. ಆದರೆ ಅವರು ನಂಬುವುದಕ್ಕೆ ಕಾರಣವಿರಲಿಲ್ಲ, ನಂಬಿ ಎಂದು ಕೇಳುವ ಮುಖವೂ ನನಗಿರಲಿಲ್ಲ. ಕೆಲಸ ಬಿಟ್ಟೆ.

ಭಾನುವಾರ ಬೆಳಿಗ್ಗೆ ಅವಳ ಹಳ್ಳಿಗೆ ಹೋದೆ. ಶಿವಣ್ಣ ಮನೆಯಲ್ಲಿರಲಿಲ್ಲ. ಮಾದೇವಿ ಒಲೆಯ ಮುಂದೆ ಕೂತು ಬೆಣ್ಣೆ ತೂಗುತ್ತಿದ್ದಳು. ಚಂದನ ಜಗುಲಿಯಲ್ಲಿ ಕುಳಿತು ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದಳು. ನಾನು ಕಾಫಿ ಬೇಡವೆಂದೆ. ನಿಂತೇ ಹೇಳಿದೆ. ಟ್ಯೂಬು, ಹೋಟೆಲು, ಮೂವತ್ತೊಂದು, ತರಬೇತಿ, ಹಳೆಯ ಯಂತ್ರವೆಂಬ ಸುಳ್ಳು, ಎಲ್ಲವನ್ನೂ. ಹೇಳುವಾಗ ಅವಳ ಕೈ ಒಂದೇ ಒಂದು ಸಲ ನಿಂತಿತು. ಆಮೇಲೆ ಮತ್ತೆ ತೂಗಿದಳು, ಮೊಟ್ಟೆ ಒಡೆದಳು, ಬಾಣಲೆಗೆ ಹಾಕಿದಳು.

"ಇವ್ಳ ಊಟಕ್ಕೆ ತಡ ಆಗಂಗಿಲ್ಲ" ಎಂದಳು. ಅಷ್ಟೇ.

ಮಗಳಿಗೆ ಉಣಿಸಿ, ತಟ್ಟೆಗೆ ಅಂಟಿದ ಎಣ್ಣೆಯನ್ನೂ ಬೆರಳಿನಿಂದ ಬಳಿದು ತಿನ್ನಿಸಿ, ಬಾಯಿ ತೊಳೆಸಿದಳು. ನಾನು ನಿಂತೇ ಇದ್ದೆ. ಅವಳು ನನ್ನನ್ನು ಬೈದರೆ, ಹೊಡೆದರೆ, ಹೊರಗೆ ಅಟ್ಟಿದರೆ ಚೆನ್ನಾಗಿತ್ತು ಎನ್ನಿಸಿತು — ಅದೂ ನನ್ನ ಹಿತಕ್ಕಾಗಿಯೇ ತಾನೇ. ಅವಳು ಚಂದನಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತು, ಪೆನ್ನಿನ ಜೊತೆಗೆ ನನ್ನ ಮುಂದಿಟ್ಟಳು.

"ಬರ್ಕೊಡಿ. ನಮ್ಮತ್ತೆಗೆ ಓದಕ್ ಬರಕಿಲ್ಲ, ನಾನೇ ಓದಿ ಯೋಳ್ತೀನಿ. ದೊಡ್ಡಕ್ಸರದಲ್ಲಿ ಬರೀರಿ."

ನೆಲದ ಮೇಲೆ ಕೂತು ಬರೆದೆ. ಮಗುವಿಗೆ ಐದು ತಿಂಗಳಾಗಿದ್ದಾಗಲೇ ಈ ಕಾಯಿಲೆ ಇತ್ತೆಂದೂ, ಅದು ತಾಯಿಯ ಹಾಲಿನಿಂದ ಬಂದದ್ದಲ್ಲವೆಂದೂ, ಆ ದಿನದ ರಿಪೋರ್ಟಿನಲ್ಲಿ ಮೂವತ್ತೊಂದು ಎನ್ನುವುದು ತಪ್ಪಾಗಿ ಅರವತ್ತೆರಡು ಎಂದು ನಮೂದಾಗಿದೆಯೆಂದೂ ಬರೆದೆ. ಹೆಸರು ಬರೆದು ಸಹಿ ಹಾಕಿ ಕೊಟ್ಟೆ.

ಅವಳು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಮಧ್ಯದಲ್ಲಿ ನಿಂತಳು. ಹಾಳೆಯನ್ನು ತಿರುಗಿಸಿ ನನ್ನ ಕಡೆ ಹಿಡಿದಳು.

"ತಪ್ಪಾಗಿ ನಮೂದಾಗಿದೆ ಅಂದ್ರೆ ಏನು? ತಾನಾಗೇ ಆಯ್ತಾ? ಯಾರ್ ಬರ್ದಿದ್ದು?"

"ನಾನು."

"ಗೊತ್ತಿಲ್ದೆ ಬರ್ದ್ರಾ?"

"ಇಲ್ಲ."

"ಅಂಗಂತ ಬರೀರಿ."

ಆ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ: ಮೂವತ್ತೊಂದು ಇತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅರವತ್ತೆರಡು ಎಂದು ಬರೆದೆ.

ಅವಳು ಹಾಳೆ ತೆಗೆದುಕೊಂಡು ಎದ್ದಳು. ನನ್ನನ್ನು ಹೋಗಿ ಎನ್ನಲಿಲ್ಲ, ಕೂರಿ ಎನ್ನಲೂ ಇಲ್ಲ. ಅತ್ತೆ ಮಲಗಿದ್ದ ಒಳಕೋಣೆಗೆ ಹೋಗಿ, "ಅತ್ತೆ, ಎದ್ದು ಕೂತ್ಕಳಿ" ಎಂದದ್ದು ಕೇಳಿಸಿತು. ಆಮೇಲೆ ಓದತೊಡಗಿದಳು, ಒಂದೊಂದೇ ಪದವನ್ನು ಕೂಡಿಸಿಕೊಂಡು, ಮೊದಲಿಗೆ ಮೆಲ್ಲಗೆ, ಆಮೇಲೆ ಜೋರಾಗಿ. ನನ್ನ ಹೆಸರು ಬಂದಾಗ ದನಿ ಏರಲಿಲ್ಲ, ಇಳಿಯಲೂ ಇಲ್ಲ. ಅತ್ತೆ ಏನೋ ಕೇಳಿದರು. ಅವಳು ಉತ್ತರ ಕೊಡದೆ ಮೊದಲಿನಿಂದ ಮತ್ತೆ ಓದಿದಳು. ನಾನು ನಡುಮನೆಯಲ್ಲಿ ನಿಂತು ಕೊನೆಯ ಸಾಲಿನವರೆಗೂ ಕೇಳಿದೆ.